ಬಾಣಲೆ ಕೈಬದಲಾದ ದಿನ

ಮಾರ್ಚ್ 11, ಮಂಗಳವಾರ

ಖಿನ್ ಮಾರ್ ಇವತ್ತು ನನ್ನ ಮೇಲೆ ಒಮ್ಮೆಯೂ ರೇಗಲಿಲ್ಲ. ಅದೇ ಕೊರೆಯುತ್ತಿದೆ.

ಒಲೆಯ ಮುಂದೆ ಮಲೇಷಿಯಾದವರೇ ಇರಬೇಕು, ಹೊರದೇಶದವರು ಬೇಯಿಸಬಾರದು ಎಂದು ಬೆಳಿಗ್ಗೆ ನಗರಸಭೆಯ ಅಧಿಕಾರಿ ಬಂದು ಹೇಳಿದ. ಹೇಳಿ, ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತ. ಬರ್ಮಾದ ಖಿನ್ ಹನ್ನೊಂದು ವರ್ಷದಿಂದ ನಮ್ಮ ನೂಡಲ್ಸ್ ಅಂಗಡಿಯ ಬಾಣಲೆ ಹಿಡಿದವಳು. ಅಪ್ಪ ಕೈಹಿಡಿದು ಕಲಿಸಿದ್ದು ಅವಳಿಗೆ. ನನ್ನನ್ನು ಕಾನ್ವೆಂಟಿಗೆ ಕಳಿಸಿದ್ದರು.

ನಾನು ಒಲೆಯ ಮುಂದೆ ನಿಂತೆ. ಅವಳು ತಟ್ಟೆ ತೊಳೆಯುತ್ತ, ಇತ್ತ ನೋಡದೆ, "ಅಕ್ಕಾ, ಉರಿ ಜಾಸ್ತಿ ಮಾಡಿ. ಈಗ ಮೊಟ್ಟೆ. ಅಯ್ಯೋ, ತಿರುವಿ, ತಿರುವಿ!" ಎಂದು ಪಿಸುಗುಡುತ್ತಿದ್ದಳು. ಅಕ್ಕಿ ನೂಡಲ್ಸ್ ಮುದ್ದೆಯಾಯಿತು.

ದಿನಾ ಬರುವ ತಿಯೋ ಮೇಷ್ಟ್ರು ಒಂದು ತುತ್ತು ತಿಂದರು. "ಏನಮ್ಮಾ ಗೈಕ್ ಹುವಾ, ನಿಮ್ಮಪ್ಪ ಇವತ್ತು ಎರಡನೇ ಸಲ ಸತ್ತ!"

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕ. "ನಂಗೂ ಆಯಮ್ಮನ ಕೈರುಚೀನೇ ಇಷ್ಟ ಮೇಡಂ. ಏನ್ಮಾಡ್ಲಿ, ರೂಲ್ಸು."

ನಾನೂ ನಕ್ಕೆ. ಯಾಕೆ ನಕ್ಕೆ? ಈ ಅಂಗಡಿ ನಡೆಯುವುದೇ ಅವಳಿಂದ ಎನ್ನಬಹುದಿತ್ತು. ಅಂದಿದ್ದರೆ ಪರವಾನಗಿ ಹೋಗುತ್ತಿತ್ತು, ಜೊತೆಗೆ ಅವಳ ಕೆಲಸವೂ. ಅನ್ನದಿದ್ದರೂ ಅವಳ ಕೆಲಸ ಉಳಿಯುವುದು ಅನುಮಾನ. ನಾನು ಬೇಯಿಸಿದ್ದನ್ನು ತಿನ್ನಲು ಎಷ್ಟು ದಿನ ಜನ ಬಂದಾರು?

ಮುಚ್ಚುವ ಹೊತ್ತಿಗೆ ಖಿನ್ ಬಾಣಲೆ ಉಜ್ಜಿ ಎಣ್ಣೆ ಸವರಿದಳು. ಸೌಟು ತೂಗುಹಾಕುವ ಮೊಳೆಯನ್ನು ಕಿತ್ತು ಒಲೆಯ ಎಡಗಡೆ ಹೊಡೆದಳು. ನಾನು ಎಡಚಿ.

"ನಾಳೆ ಬರ್ಲಾ ಅಕ್ಕಾ?"

ಬಾ ಎಂದೆ. ಬಂದು ಅವಳು ಏನು ಮಾಡಬೇಕು, ನನ್ನ ಮುದ್ದೆ ನೂಡಲ್ಸಿನ ತಟ್ಟೆ ತೊಳೆಯುವುದು ಬಿಟ್ಟು?