ದೋಣಿ ಮುಳುಗಿದ ವರದಿ

ಎಕೆಲೊಟ್ ಯಜಮಾನ್ರೇ,

ನೀವು ಸತ್ತು ಆರು ತಿಂಗಳಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಇವತ್ತು ಕಂಪಾಲಾದಲ್ಲಿ ಪತ್ರಿಕೋದ್ಯಮ ಎಂ.ಎ. ಪ್ರವೇಶಕ್ಕೆ ಸಂದರ್ಶನವಿತ್ತು. ನಮ್ಮ ಹೆಸರಲ್ಲಿ ಅಚ್ಚಾದ ಮೂರು ವರದಿ ತರಬೇಕಿತ್ತು. ಒಂಬತ್ತು ವರ್ಷ ನಿಮ್ಮ ಸೊರೊಟಿ ಪತ್ರಿಕಾ ಕಚೇರಿಗೆ ಸುದ್ದಿ ಬರೆದುಕೊಟ್ಟ ನನ್ನ ಹತ್ತಿರ ಒಂದೂ ಇರಲಿಲ್ಲ. ಹಳ್ಳಿ ಸುತ್ತಿ ಬರೆಯುವವರು ನಾವು, ಅಚ್ಚಾಗುವುದು ಕಚೇರಿ ಮುಖ್ಯಸ್ಥರಾದ ನಿಮ್ಮ ಹೆಸರು. ಅದೇ ನಿಮ್ಮ ಪದ್ಧತಿ.

ಕೊನೆಗೆ ದೋಣಿ ಮುಳುಗಿದ ವರದಿಯನ್ನೇ ಒಯ್ದು, "ಇದು ನಾನು ಬರೆದದ್ದು" ಅಂದೆ. ಅದೇ, ಸೋರುವ ದೋಣಿಗೆ ಪರವಾನಗಿ ಕೊಟ್ಟ ಅಧಿಕಾರಿಯ ಹೆಸರು ಬಯಲು ಮಾಡಿದ್ದು.

ಪ್ರೊಫೆಸರಮ್ಮ ನಕ್ಕುಬಿಟ್ಟರು. "ಏನಮ್ಮಾ, ಸತ್ತವರನ್ನೂ ಬಿಡಲ್ವಾ ನೀನು? ಇದಕ್ಕೆ ಅವರು ಹನ್ನೊಂದು ದಿನ ಲಾಕಪ್ಪಲ್ಲಿದ್ರು. ಆಗ ನೀನೆಲ್ಲಿದ್ದೆ?"

ಎಲ್ಲಿದ್ದೆ? ನಿಮ್ಮ ಮಾತು ಕೇಳಿ ಅಜ್ಜಿಯ ಊರಲ್ಲಿ ಅಡಗಿದ್ದೆ! "ಬಾಯ್ಬಿಟ್ಟೀಯ, ಹುಷಾರ್. ಹೆಸರು ನಂದಿದೆ, ಏಟೂ ನಂಗೇ ಇರ್ಲಿ" ಅಂತ ಗದರಿ ಬಸ್ಸು ಹತ್ತಿಸಿದವರು ನೀವು. ಯಾರು ಕೇಳಿದ್ದರು ನಿಮ್ಮನ್ನು? ಹೆಸರನ್ನಷ್ಟೇ ಕದ್ದಿದ್ದರೆ ಇವತ್ತು ಅವರೆದುರು ನಿಮ್ಮನ್ನು ಬಾಯಿತುಂಬ ಬೈದು ಬರುತ್ತಿದ್ದೆ. ಅದಕ್ಕೂ ಬಿಡಲಿಲ್ಲ ನೀವು. ವರದಿ ಮಡಚಿಕೊಂಡು ಎದ್ದು ಬಂದೆ.

ಬಿಡುಗಡೆಯಾದ ಮರುದಿನ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಕಚೇರಿಗೆ ಬಂದಿರಿ. "ಎಲ್ಲಿ, ಇವತ್ತಿನ ಸುದ್ದಿ?" ಅಂದಿರಿ. ಅಜ್ಜಿಯ ಊರಿಂದ ಮರಳಿದ್ದ ನಾನು ಕೊಟ್ಟೆ. ಆ ಕೈಯಲ್ಲಿ ನಿಮಗೆ ಆಗುತ್ತಿರಲಿಲ್ಲ, ಅದರ ಮೇಲೆ ನಿಮ್ಮ ಹೆಸರನ್ನು ನಾನೇ ಟೈಪು ಮಾಡಿದೆ. ಸಿಟ್ಟಿನಲ್ಲಿ, ಒಂದೊಂದೇ ಅಕ್ಷರ ಕುಟ್ಟಿ.

ಕೈ ನೋಯುತ್ತಿದೆಯಾ ಎಂದು ನಾನು ಕೇಳಲಿಲ್ಲ.

ಅಸೆಕೆನ್ಯೆ