ಬೆನ್ನಿನ ಬರೆ

ಹಲಸಂಗಿ
೧೮-೨-೧೯೭೫

ಸೊಲ್ಲಾಪುರದಲ್ಲಿರುವ ನಮ್ಮ ಮನೆಯವರಿಗೆ ಚಂದವ್ವನ ನಮಸ್ಕಾರ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಸಿಟ್ಟಾಗಬೇಡಿ. ಕೂಸಿಗೆ ಹಲ್ಲು ಬರುತ್ತಿವೆ, ಕಂಕುಳ ಬಿಟ್ಟು ಇಳಿಯುವುದಿಲ್ಲ. ಇದು ನೆವ ಎಂದು ನಿಮಗೆ ಗೊತ್ತಾಗದೆ ಇರದು, ನಾನೇ ಹೇಳಿಬಿಡುತ್ತೇನೆ. ಬರೆಯಲು ಕೂತು ಎರಡು ಸಲ ಹಾಳೆ ಹರಿದು ಹಾಕಿದೆ.

ಹೋದ ಸಂತೆಯ ದಿನ ಅತ್ತೆಯವರ ಜೊತೆ ಕುಪ್ಪಸ ಹೊಲಿಯಲು ಕೊಡುವುದಕ್ಕೆ ಇಂಡಿಗೆ ಹೋಗಿದ್ದೆ. ದರ್ಜಿ ಬಂದಗಿಸಾಬರ ಅಂಗಡಿಯ ಗೋಡೆಯ ಮೇಲೆ ನನ್ನ ಬೆತ್ತಲೆ ಬೆನ್ನು! ಯಾವುದೋ ಮರಾಠಿ ಮಾಸಿಕದ ಹಾಳೆ, ನಾಲ್ಕೂ ಮೂಲೆಗೆ ಮೊಳೆ ಹೊಡೆದಿದ್ದರು.

"ನೋಡ್ರಿ ದೊಡ್ಡವ್ವಾರ, ನಿಮ್ಮ ಸೋಮನಿಂಗ ತಗದ ಫೋಟೊ! ಮುಂಬೈದಾಗ ಬಕ್ಷೀಸ ಬಂದೈತಂತ, ಕೆಳಗ ಹೆಸರೂ ಐತಿ" ಎಂದು ಬಂದಗಿಸಾಬರು ಹಿಗ್ಗಿದರು. ಚಿತ್ರಕ್ಕೆ 'ಘಾಗರ' ಎಂದು ಹೆಸರಿಟ್ಟಿದ್ದೀರಿ. ಕೊಡ.

ದೀಪಾವಳಿಗೆ ಬಂದಾಗ, ಎಲ್ಲರೂ ಹೊಲಕ್ಕೆ ಹೋದ ಮೇಲೆ, ಬಚ್ಚಲಲ್ಲಿ ಕೂಡಿಸಿ ನೀವು ಅಂದದ್ದೂ ಅದೇ. "ಅಲುಗಾಡಬ್ಯಾಡ. ನೀ ಒಂದು ಕೊಡ ಅಂತ ತಿಳಕೊ." ನಾನು ಚಳಿಗೆ ನಡುಗಿದರೆ ಚಿತ್ರ ಕೆಡುತ್ತದೆಂದು ಬೈದಿರಿ. "ಇದನ್ನ ಯಾರ್ಯಾರು ನೋಡ್ತಾರ್ರಿ?" ಎಂದು ಕೇಳಿದ್ದಕ್ಕೆ "ನಾನೊಬ್ಬನಽ" ಎಂದಿರಿ. "ಬೆನ್ನಾಗಿನ ಬರಿ?" ಎಂದೆ. "ಹುಚ್ಚಿ, ಅದಕ್ಕಽ ತಗ್ಯಾಕತ್ತೇನಿ. ಅದಽ ಚಂದ ಐತಿ" ಎಂದಿರಿ. ಆ ಮಾತಿಗೆ ಕರಗಿ ಕೂತೆ.

ಆ ಬರೆ ಅತ್ತೆಗೆ ಚೆನ್ನಾಗಿ ಗೊತ್ತು. ನನ್ನವ್ವ ಇಲ್ಲದ್ದಕ್ಕೆ ಬಾಣಂತಿತನ ಮಾಡಿದವರು ಅವರೇ, ದಿನಾ ಬೆನ್ನಿಗೆ ಎಣ್ಣೆ ತಿಕ್ಕಿದವರು ಅವರೇ. ಅವರು ಚಷ್ಮಾ ಏರಿಸಿಕೊಂಡು ಹಾಳೆಯ ಹತ್ತಿರ ಹೋದರು. ಇವತ್ತಿಗೆ ನನ್ನ ಸಂಸಾರ ಮುಗಿಯಿತು ಎಂದುಕೊಂಡೆ. ಬಹಳ ಹೊತ್ತು ನೋಡಿದರು.

"ಯಾವಾಕಿನೋ, ಪಾಪ. ಏನ ಗತಿ ಬಂದಿತ್ತೋ, ರೊಕ್ಕಕ್ಕ ಅರಿವಿ ಕಳದು ಕುಂತಾಳ" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಮನ್ಯಾಗ ಇಂಥಾ ಸೊಸಿ ಇದ್ದಾಗ ಅವಂಗ ಕಂಡವರ ಬೆನ್ನು ಯಾಕ ಬೇಕಿತ್ತವಾ? ಬರ್ಲಿ ಅಂವ, ಕೇಳ್ತೇನಿ" ಎಂದು ಸಿಟ್ಟಾದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಳತೆಯ ಕುಪ್ಪಸ ಕೊಟ್ಟು ಸೆರಗು ಬಿಗಿಯಾಗಿ ಹೊದ್ದು ಹೊರಬಿದ್ದೆ. ಅವತ್ತಿನಿಂದ ಬೆನ್ನ ಹಿಂದೆ ಯಾರು ನಕ್ಕರೂ ನನ್ನನ್ನು ನೋಡಿಯೇ ನಕ್ಕರು ಅನಿಸುತ್ತದೆ. ಬಾವಿಗೆ ಹೋಗಲೂ ಅಂಜಿಕೆ. ಬಂದಗಿಸಾಬರು ನನ್ನ ಕುಪ್ಪಸ ಕೈಯಲ್ಲಿ ಹಿಡಿದು ಗೋಡೆ ನೋಡಿದರೆ ಏನು ಗತಿ?

ಯುಗಾದಿಗೆ ಬಂದು ಇನ್ನಷ್ಟು ತೆಗೆಯುತ್ತೇನೆ, ಈ ಸಲ ಎದುರಿನಿಂದ, ಎಂದು ಬರೆದಿದ್ದೀರಿ. ಆಗುವುದಿಲ್ಲ. ಆ ಫಿಲ್ಮು ತಂದು ನನ್ನ ಕೈಗೆ ಕೊಡಿ, ಒಲೆಗೆ ಹಾಕುತ್ತೇನೆ.

ಖಾನಾವಳಿಯ ಊಟ ನಿಮಗೆ ಒಗ್ಗುವುದಿಲ್ಲ, ಮಜ್ಜಿಗೆ ಕುಡಿಯುತ್ತಾ ಇರಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಚಂದವ್ವ

ತಾ.ಕ.: ಅತ್ತೆ ಅಂಗಡಿಯಿಂದ ಇಳಿದ ಮೇಲೆ ನಾನೂ ಹತ್ತಿರ ಹೋಗಿ ನೋಡಿದೆ. ಬರೆ ಇರಲಿಲ್ಲ. ಆ ಜಾಗ ತಿಕ್ಕಿ ತೊಳೆದ ಕೊಡದ ಹಾಗೆ ನುಣ್ಣಗಿತ್ತು. ಫೋಟೊದ ಕಲೆಗಳನ್ನು ಕುಂಚದಿಂದ ಅಳಿಸುವುದು ಸ್ಟುಡಿಯೊದಲ್ಲಿ ದಿನದ ಕೆಲಸ ಎಂದು ನೀವೇ ಹೇಳಿದ್ದಿರಿ. ಅದಕ್ಕೇ ಅತ್ತೆಗೆ ಗುರುತು ಹತ್ತಲಿಲ್ಲ, ನನ್ನ ಮಾನ ಉಳಿಯಿತು. ಆದರೂ ಊರು ಬರುವತನಕ ಬಸ್ಸಿನಲ್ಲಿ ಕಣ್ಣೀರು ನಿಲ್ಲಲಿಲ್ಲ. ನಾನು ಕೂಸಿದ್ದಾಗ ಒಮ್ಮೆ ಉಸಿರು ಕಟ್ಟಿತ್ತಂತೆ. ಆಗ ನನ್ನವ್ವ ಅಳುತ್ತಲೇ ಬಳೆಯ ಚೂರು ಕಾಯಿಸಿ ಹಾಕಿ ಬದುಕಿಸಿಕೊಂಡ ಬರೆ ಅದು. ಅವಳದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ. ಅದೇ ಚಂದ ಎಂದಿದ್ದಿರಲ್ಲ, ಅದು ನನ್ನನ್ನು ಬಚ್ಚಲಲ್ಲಿ ಕೂಡಿಸುವುದಕ್ಕಷ್ಟೇ ಹೇಳಿದ ಮಾತಾಗಿತ್ತೇ?