ಬೀಗರಿಗೆ ಇಟ್ಟ ಇಟಲಿಯ ಷರಬತ್ತು

ಸಮಸ್ತ ಸೀಸೆಗಳ ಸಾರ್ವಭೌಮರೂ, ಅಂಟುಚೀಟಿಗಳ ಅಧಿಪತಿಗಳೂ, ಸೂಕ್ಷ್ಮಾಕ್ಷರಗಳ ಸೃಷ್ಟಿಕರ್ತರೂ ಆದ, ಆಮದು ವೈನಿನ ಲೇಬಲ್ ನಿಯಮಗಳನ್ನು ಕಾಯುವ ಮಾನ್ಯ ಅಧಿಕಾರಿಗಳ ಸನ್ನಿಧಾನಕ್ಕೆ,

ಬಸವಕಲ್ಯಾಣದ ಯಃಕಶ್ಚಿತ್ ಪ್ರಜೆಯೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಒಂದು ಚೀಟಿಯ ದೆಸೆಯಿಂದ ನಮ್ಮಕ್ಕ ಭುವನೇಶ್ವರಿಯ ಮದುವೆ ನಿಂತುಹೋಗಿದೆ.

ಪರದೇಶದ ವೈನು ಇಲ್ಲಿಗೆ ಬಂದರೆ ಅದರ ಬೆನ್ನಿಗೊಂದು ಚೀಟಿ ಅಂಟಿಸಬೇಕಂತೆ. ತರಿಸಿದವರ ವಿಳಾಸ, ಮದ್ಯದ ಪ್ರಮಾಣ, ಆರೋಗ್ಯಕ್ಕೆ ಹಾನಿಕರವೆಂಬ ಎಚ್ಚರಿಕೆ, ಇಷ್ಟೂ ಜ್ಞಾನವನ್ನು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ತುಂಬಿಸುವ ಪ್ರತಿಭೆಗೆ ಶರಣು. ಆದರೆ ಮುಂಭಾಗದಲ್ಲಿ ಏನಿದೆ ಸ್ವಾಮಿ? ಅಂಗೈಯಗಲದ ದ್ರಾಕ್ಷಿ ಗೊಂಚಲು! ಗೊಂಚಲು ಅಂಗೈಯಷ್ಟು, ಎಚ್ಚರಿಕೆ ಇರುವೆಯಷ್ಟು. ನಿಯಮ ಬರೆದವರ ಮನೆಯಲ್ಲಿ ಚಾಳೀಸು ಹಾಕುವವರು ಯಾರೂ ಇಲ್ಲವೇ?

ಅಪ್ಪನ ಬಟ್ಟೆ ಅಂಗಡಿಗೆ ದೀಪಾವಳಿಗೆಂದು ಬೆಂಗಳೂರಿನ ಸಗಟು ವ್ಯಾಪಾರಿ ಕಳಿಸಿದ ಬುಟ್ಟಿಯಲ್ಲಿ, ಗೋಡಂಬಿ ಬಾದಾಮಿಗಳ ನಡುವೆ, ಆ ಇಟಲಿಯ ಬಾಟಲಿ ಸಭ್ಯವಾಗಿ ಮಲಗಿ ಬಂದಿತ್ತು. ಆಮೇಲೆ ಹುಮನಾಬಾದಿನಿಂದ ಅಕ್ಕನನ್ನು ನೋಡಲು ಬೀಗರಾಗುವವರು ಬಂದರು. ಅವ್ವ ಆ ಬಾಟಲಿಯದನ್ನು ದ್ರಾಕ್ಷಿ ರಸವೆಂದೇ ತಿಳಿದು, ಅದಕ್ಕೆ ಸಕ್ಕರೆ, ನಿಂಬೆಹುಳಿ, ಏಲಕ್ಕಿ ಹಾಕಿ ಬೆಳ್ಳಿ ಲೋಟಗಳಲ್ಲಿ ತಂದಿಟ್ಟಳು. ರುಚಿ ನೋಡಲಿಲ್ಲವೇ ಎನ್ನುತ್ತೀರಿ. ಬೀಗರಿಗೆ ಇಡುವುದನ್ನು ಮೊದಲು ನಮ್ಮ ನಾಲಿಗೆಗೆ ಹಚ್ಚಬಾರದೆಂಬುದು ನಮ್ಮ ಮನೆಯ ಕಟ್ಟಳೆ. ತಮ್ಮ ನಿಯಮಗಳಂತಲ್ಲ, ಇದನ್ನು ಎಲ್ಲರೂ ಪಾಲಿಸುತ್ತಾರೆ.

ಹುಡುಗನ ಅಜ್ಜಿ ಕಸ್ತೂರಿಬಾಯಿ ಎರಡನೇ ಲೋಟಕ್ಕೆ ಕೈಚಾಚಿದರು. “ಯಾವ ಊರಿನ ದ್ರಾಕ್ಷಿ ತಂಗಿ ಇದು? ಮೈಯೆಲ್ಲಾ ಬೆಚ್ಚಗ ಆಗಾಕತ್ತದ.”

“ದೂರದ್ದು ಅದರಿ,” ಎಂದಳು ಅವ್ವ ಹೆಮ್ಮೆಯಿಂದ. “ಇನ್ನಾ ಜರಾ ಹಾಕ್ಲೇನ್ರಿ?”

ಮೂರನೆಯದು ಮುಗಿದಾಗ ಅಜ್ಜಿ ಅಕ್ಕನನ್ನು ಪಕ್ಕಕ್ಕೆ ಕೂಡಿಸಿಕೊಂಡು, ತಮ್ಮ ಮಗನತ್ತ, ಅಂದರೆ ಹುಡುಗನ ತಂದೆಯತ್ತ, ಬೆರಳು ಮಾಡಿದರು. “ಇಂವಾ ಕುಂತಾನಲ್ಲ, ನಮ್ಮ ದಿಗಂಬರ, ಇವಗ ಮೂರು ಮನಿಯವ್ರು ಹೆಣ್ಣು ಕೊಡಂಗಿಲ್ಲ ಅಂದಿದ್ರು. ಈಗ ನೋಡು ಹ್ಯಾಂಗ ಮೀಸಿ ತಿರುವಾಕತ್ತಾನ.”

“ಅವ್ವಾ, ಸುಮ್ಮ ಕೂಡು,” ಎಂದ ಹುಡುಗನ ತಂದೆ ಎದ್ದು ಹೋಗಿ ಬಾಟಲಿ ತಂದು, ಚಾಳೀಸು ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಅದರ ಬೆನ್ನಿನ ಚೀಟಿಯನ್ನು ಓದಿದರು. ಓದಲು ಬಹಳ ಹೊತ್ತು ಬೇಕಾಯಿತು. “ಇದು ದಾರೂ ಅದ,” ಎಂದಷ್ಟೇ ಹೇಳಿ ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು. ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು, “ಹುಡುಗಿ ಪಸಂದ ಅದ,” ಎನ್ನುತ್ತಲೇ ಇದ್ದರು.

ಅಂದಿನಿಂದ ಹುಮನಾಬಾದಿನವರು ನಮ್ಮ ಫೋನು ಎತ್ತುವುದಿಲ್ಲ. ಅಕ್ಕನಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಆಕೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗುವಂತೆ ಇಡುತ್ತಾಳೆ, ಅವ್ವ ಬೆಳ್ಳಿ ಲೋಟಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಾಳೆ.

ಆದ್ದರಿಂದ ತಾವು ದ್ರಾಕ್ಷಿಯಷ್ಟೇ ದೊಡ್ಡದಾಗಿ, ದ್ರಾಕ್ಷಿಯ ಪಕ್ಕದಲ್ಲೇ, ಕನ್ನಡದಲ್ಲಿ ‘ಇದು ಮದ್ಯ’ ಎಂದು ಬರೆಸತಕ್ಕದ್ದು. ಜೊತೆಗೆ ನಮ್ಮವ್ವ ನಿರಪರಾಧಿ, ತಪ್ಪೆಲ್ಲ ಚೀಟಿಯದು ಎಂಬ ಪ್ರಮಾಣಪತ್ರವನ್ನು ದುಂಡು ಮೊಹರಿನೊಂದಿಗೆ ಹುಮನಾಬಾದಿಗೆ ತುರ್ತಾಗಿ ಕಳಿಸತಕ್ಕದ್ದು.

ಇಂತಿ,
ತಮ್ಮ ಅಕ್ಷರಗಳಿಂದ ನೊಂದ ಮನೆಯ ಕಿರಿಯ ಕುಡಿ,
ಅಂಬರೀಷ

ವಿ.ಸೂ.: ಅವ್ವ ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ತಾವು ಗೋಡೆಯಗಲ ಬರೆದರೂ ಆಕೆಗೆ ಅಷ್ಟೇ. ಅದಕ್ಕೇ ಅವತ್ತು ಬಾಟಲಿಯನ್ನು ನನ್ನ ಕೈಗೆ ಕೊಟ್ಟು, “ಏನಂತ ಬರದಾರ, ಓದಿ ಹೇಳಪಾ,” ಎಂದಿದ್ದಳು. ನನ್ನ ಕಣ್ಣು ಚೆನ್ನಾಗಿದೆ. ಪೂರ್ತಿ ಓದಿ, “ದ್ರಾಕ್ಷಿದು ಅದ” ಎಂದೆ. ಈ ಪತ್ರ ಅಚ್ಚಾಗುವ ಪತ್ರಿಕೆಯನ್ನು ಅಕ್ಕ ಓದುವುದು ಮಧ್ಯಾಹ್ನದ ಊಟವಾದ ಮೇಲೆ. ಪ್ರಮಾಣಪತ್ರ ಅಷ್ಟರೊಳಗೆ ಬಂದರೆ ಉಪಕಾರವಾದೀತು.